ಕಿಡಿಯಣ್ಣನ ಬೆಳ್ಳಿ ಬಣ್ಣದ ಸೆಟ್ಟು

ನಮ್ಮ ಬೀದಿಯಲ್ಲಿ ಕಿಡಿಯಣ್ಣನಂಥ ಜಗಳಗಂಟ ಇನ್ನೊಬ್ಬನಿರಲಿಲ್ಲ. ಅವನು ಬಸ್ ಗ್ಯಾರೇಜಿನಲ್ಲಿ ಎಲೆಕ್ಟ್ರಿಷಿಯನ್. ತಂತಿಯಿಂದ ಹಾರುವ ಕಿಡಿಗಿಂತ ಅವನ ಬಾಯಿಂದ ಹಾರುವುದೇ ಹೆಚ್ಚು ಎಂದು ಜೊತೆಯ ಕೆಲಸಗಾರರು ಇಟ್ಟ ಹೆಸರದು. ಹಾಲಿನವನು, ಮನೆಯ ಮಾಲೀಕ, ಮಹಡಿಯ ಬಾಡಿಗೆದಾರರು, ಯಾರೊಂದಿಗೂ ಅವನಿಗೆ ಸರಿಬರುತ್ತಿರಲಿಲ್ಲ. ಶಾಲೆಯ ಮೇಷ್ಟ್ರಾದ ನನ್ನ ಮೇಲೆ ಮಾತ್ರ ಕನಿಕರವಿತ್ತು. ಅವನ ಸೆಟ್ಟುಗಳ ಮುಂದೆ ನಾನು ಬಾಯಿ ಮುಚ್ಚಿಕೊಂಡು ಕೂರುತ್ತಿದ್ದೆನಾದ್ದರಿಂದ.

ಸೆಟ್ಟು ಎಂದರೆ ಮೇಲೆ ಹಿಡಿ, ಎರಡು ಬದಿಗೂ ಸ್ಪೀಕರು, ನಡುವೆ ಕ್ಯಾಸೆಟ್ಟಿನ ಬಾಗಿಲು ಇರುವ ದೊಡ್ಡ ಟೇಪ್ ರೆಕಾರ್ಡರ್. ಈಗಿನವರು ಬೂಮ್‌ಬಾಕ್ಸ್ ಎನ್ನುತ್ತಾರೆ. ಕಿಡಿಯಣ್ಣ ತನ್ನ ಮನೆಯ ಹಿಂಬದಿಯ ಕೋಣೆಯಲ್ಲಿ ಗೋಡೆಯುದ್ದಕ್ಕೂ ಹಲಗೆ ಹೊಡೆದು ಅವುಗಳನ್ನು ಸಾಲಾಗಿ ಇಟ್ಟಿದ್ದ. ಪ್ರತಿಯೊಂದಕ್ಕೂ ತನ್ನ ಹಳೆಯ ಅಂಗಿಯೊಂದನ್ನು ತೊಡಿಸಿದ್ದ. ಗುಂಡಿ ಹಾಕಿದ ಅಂಗಿಗಳ ಆ ಸಾಲನ್ನು ಕಂಡರೆ ತಲೆಯಿಲ್ಲದ ಗುಮಾಸ್ತರು ಕುಳಿತಂತೆ ಕಾಣುತ್ತಿತ್ತು. ರಜೆಯ ದಿನ ಒಂದೊಂದರ ಅಂಗಿ ಬಿಚ್ಚಿ, ಹತ್ತಿಗೆ ಸ್ಪಿರಿಟ್ಟು ತಾಗಿಸಿ ಟೇಪು ತಾಗುವ ಹೆಡ್ಡು ಒರೆಸಿ, ಸರದಿಯ ಮೇಲೆ ಹಾಡಿಸುತ್ತಿದ್ದ. ಹಾಡಿಸದೆ ಬಿಟ್ಟರೆ ಒಳಗಿನ ರಬ್ಬರ್ ಬೆಲ್ಟು ಡಾಂಬರಿನಂತೆ ಕರಗಿಬಿಡುತ್ತದೆಯಂತೆ. "ಮನುಷ್ಯರೂ ಅಷ್ಟೇ ಮೇಷ್ಟ್ರೇ, ಸುಮ್ನೆ ಕೂತ್ರೆ ಅಂಟಂಟಾಗ್ತಾರೆ," ಎಂದು ಮಹಡಿಯವರಿಗೆ ಕೇಳುವಂತೆ ಹೇಳುತ್ತಿದ್ದ. ಗುಂಡಿ ಒತ್ತಿದಾಗ 'ಟಕ್' ಎಂದು ಬೀಳುವ ಆ ಗಟ್ಟಿ ಸದ್ದು, ಹಾಡಿನೊಡನೆ ಕುಣಿಯುವ ಸಣ್ಣ ಮುಳ್ಳು, ಇವನ್ನು ನೋಡುವಾಗ ಅವನ ಮುಖದ ಗಂಟು ಸಡಿಲವಾಗುತ್ತಿತ್ತು. ಹಾಡು ಮುಗಿಯುತ್ತಲೇ ಗಂಟು ಮತ್ತೆ ಬಿಗಿಯುತ್ತಿತ್ತು.

ಇಷ್ಟೆಲ್ಲ ಇದ್ದರೂ ಅವನು ಬಯಸಿದ್ದು ಒಂದನ್ನೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಡ್ರೈವರೊಬ್ಬ ಬೆಳ್ಳಿ ಬಣ್ಣದ, ನಾಲ್ಕು ಸ್ಪೀಕರಿನ ವಿದೇಶಿ ಸೆಟ್ಟೊಂದನ್ನು ಗ್ಯಾರೇಜಿಗೆ ತಂದಿದ್ದನಂತೆ. ಯಾರಿಗೂ ಮುಟ್ಟಗೊಡಲಿಲ್ಲ. ಕಿಡಿಯಣ್ಣ ಊಟ ಬಿಟ್ಟು ಅದರ ಮುಂದೆ ನಿಂತಿದ್ದ. ಅಂಥದ್ದನ್ನು ಮತ್ತೆ ಎಲ್ಲಿಯೂ ಕಾಣಲಿಲ್ಲ.

ಅವನ ಪರಮವೈರಿ ಅವನ ಭಾಮೈದ, ಅಂದರೆ ಹೆಂಡತಿಯ ತಮ್ಮ. ಗುಜರಿ ಅಂಗಡಿಯವನು. ಅಂಗಡಿ ತೆರೆದ ಮೊದಲ ದಿನವೇ ಕಿಡಿಯಣ್ಣ ಅಲ್ಲಿಗೆ ಹೋದಾಗ, ಭಾಮೈದ ಒಂದು ಒಳ್ಳೆಯ ಸೆಟ್ಟನ್ನು ಕಲ್ಲಿನ ಮೇಲಿಟ್ಟು, ಸ್ಪೀಕರಿನ ಅಯಸ್ಕಾಂತಕ್ಕಾಗಿ ಸುತ್ತಿಗೆಯಿಂದ ಒಡೆಯುತ್ತಿದ್ದ. ಗಿರಾಕಿಗಳ ಎದುರಿಗೇ ಕಿಡಿಯಣ್ಣ ಕೂಗಿದ: "ಇದೇನು ಅಂಗಡಿಯೇನೋ? ಕಸಾಯಿಖಾನೆ!" ಭಾಮೈದನೂ ಬಿಡಲಿಲ್ಲ. ಇದೇ ಅಂಗಡಿಯಲ್ಲಿ ನಿಂತು ತಪ್ಪಾಯಿತು ಎನ್ನುವವರೆಗೆ ಭಾವನಿಗೆ ಇಲ್ಲಿಂದ ಒಂದು ಸ್ಕ್ರೂ ಕೂಡ ಸಿಗದು ಎಂದುಬಿಟ್ಟ. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಮಾತಿಲ್ಲದಿದ್ದರೂ ಜಗಳ ನಿಲ್ಲಲಿಲ್ಲ, ಕಿಡಿಯಣ್ಣನ ಹೆಂಡತಿಯ ಮೂಲಕ ನಡೆಯಿತು. ಭಾಮೈದ ಅಕ್ಕನ ಮನೆಗೆ ಊಟಕ್ಕೆ ಬರುತ್ತಿದ್ದ. ಇಬ್ಬರೂ ಒಂದೇ ಕೋಣೆಯಲ್ಲಿ, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕುಳಿತಿರುತ್ತಿದ್ದರು.

"ಅಕ್ಕ, ನಿನ್ನ ಗಂಡನಿಗೆ ಕಾಲು ಮಡಚೋಕೆ ಹೇಳು. ದಾರಿಗೆ ಅಡ್ಡ."

ಆಕೆ ತಿರುಗಿ, "ಕಾಲು ಮಡಚಬೇಕಂತೆ," ಎನ್ನುವಳು.

"ನಿನ್ನ ತಮ್ಮನಿಗೆ ಹೇಳು. ಇದು ನನ್ನ ಮನೆ, ಇದು ನನ್ನ ಕಾಲು."

"ಅವರದೇ ಮನೆಯಂತೆ, ಅವರದೇ ಕಾಲಂತೆ."

ಇಬ್ಬರಿಗೂ ಕೇಳಿಸಿರುತ್ತಿತ್ತು. ಆದರೂ ಆಕೆ ಬಾಯಿಬಿಟ್ಟು ಹೇಳುವವರೆಗೆ ಇಬ್ಬರೂ ಕಿವುಡರಂತೆ ಕಾಯುತ್ತಿದ್ದರು. ಅದು ಅವರ ಮನೆಯ ಕಟ್ಟುಪಾಡೇ ಆಗಿಹೋಗಿತ್ತು.

ಹೀಗಿರುವಾಗ ಭಾಮೈದನ ಅಂಗಡಿಗೆ ಬೆಳ್ಳಿ ಬಣ್ಣದ, ನಾಲ್ಕು ಸ್ಪೀಕರಿನ ಒಂದು ಸೆಟ್ಟು ಬಂತು. ಅವನು ಅದನ್ನು ಒಡೆಯಲಿಲ್ಲ. ಅಕ್ಕನೊಡನೆ ಹೇಳಿಕಳಿಸಿದ: "ಬಂದು ತಪ್ಪಾಯ್ತು ಅಂದ್ರೆ ಹೊತ್ಕೊಂಡು ಹೋಗಲಿ. ಇಲ್ದಿದ್ರೆ ನಾಳೆ ಸುತ್ತಿಗೆ."

ಆಕೆ ಅದನ್ನು ಗಂಡನಿಗೆ ಒಪ್ಪಿಸಿ, ಸೆರಗಿನಿಂದ ಬಾಯಿ ಒರೆಸಿಕೊಂಡು, "ಇದೇ ಕೊನೆ ಮಾತು. ಇನ್ಮೇಲೆ ನಾನು ನಿಮ್ಮಿಬ್ಬರ ಟಪಾಲು ಹೊರಲ್ಲ," ಎಂದಳು.

"ಹೊರದೆ ಎಲ್ಲಿ ಹೋಗ್ತೀಯ?" ಎಂದ ಕಿಡಿಯಣ್ಣ. ಅವನಿಗೆ ಹೆಂಡತಿಯ ಮಾತಿನ ಕಡೆ ಲಕ್ಷ್ಯವೇ ಇರಲಿಲ್ಲ. ಕ್ಷಮೆ ಕೇಳದೆ ಸೆಟ್ಟು ತರುವ ದಾರಿ ಹುಡುಕುತ್ತಿದ್ದ.

ಮರುದಿನ ಗಂಡ ಹೆಂಡತಿ ಇಬ್ಬರೂ ಅಂಗಡಿಗೆ ಹೋದರು. ಅಲ್ಲಿ ನಡೆದುದನ್ನು ನಾನು ಮೂವರ ಬಾಯಿಂದಲೂ ಕೇಳಿದ್ದೇನೆ. ಬೈಗುಳಗಳನ್ನು ಬಿಟ್ಟರೆ ಉಳಿದುದೆಲ್ಲ ಒಂದಕ್ಕೊಂದು ಹೊಂದುತ್ತದೆ.

ತೂಕದ ಯಂತ್ರದ ಪಕ್ಕದ ಮೇಜಿನ ಮೇಲೆ ಸೆಟ್ಟು ಕುಳಿತಿತ್ತು. ಕಿಡಿಯಣ್ಣನ ಕಣ್ಣು ಅದರ ನಾಲ್ಕೂ ಸ್ಪೀಕರುಗಳ ಮೇಲೆ ಓಡಿತು. ಆದರೂ, "ನಿನ್ನ ತಮ್ಮನನ್ನ ಕೇಳು, ಇದು ಹಾಡುತ್ತೋ, ಬರೀ ಡಬ್ಬಿಯೋ?" ಎಂದ. ಹೆಂಡತಿ ತೂಕದ ಕಲ್ಲುಗಳನ್ನು ನೋಡುತ್ತಾ ನಿಂತಳು. ಟಪಾಲು ಹೊರಲಿಲ್ಲ.

ಡಬ್ಬಿ ಎಂದದ್ದು ಭಾಮೈದನಿಗೆ ಚುಚ್ಚಿತು. "ಹಾಡುತ್ತೋ ಇಲ್ವೋ ಅವರೇ ನೋಡ್ಕೊಳ್ಳಲಿ," ಎಂದು ಗೋಡೆಗೆ ಹೇಳಿ, ತಂತಿ ಸಿಕ್ಕಿಸುವುದಕ್ಕೆ ಸೆಟ್ಟನ್ನು ಹಿಂದುಮುಂದಾಗಿ ತಿರುಗಿಸಿದ. ಸೆಟ್ಟಿನ ಬೆನ್ನು ಭಾವನ ಕಡೆಗೆ ಬಂತು. ಕರೆಂಟಿನ ಲೆಕ್ಕ ಬದಲಿಸುವ ಸಣ್ಣ ಗುಂಡಿ ಅಲ್ಲಿತ್ತು. ಅದು ನೂರಾಹತ್ತು ವೋಲ್ಟಿನಲ್ಲಿತ್ತು. ಗೋಡೆಯಲ್ಲಿದ್ದ ಕರೆಂಟು ಅದರ ಎರಡರಷ್ಟು.

ಗ್ಯಾರೇಜಿನವನ ಕಣ್ಣಿಗೆ ಅದು ಕೂಡಲೇ ಬಿತ್ತು. "ಬೇಡ" ಎಂಬ ಎರಡಕ್ಷರ ಸಾಕಿತ್ತು. ಆದರೆ ಅಷ್ಟು ವರ್ಷಗಳ ಅಭ್ಯಾಸ ನೋಡಿ! ಅವನು ಹೆಂಡತಿಯ ಕಡೆ ತಿರುಗಿ, "ಅವನಿಗೆ ಹೇಳೇ, ಗುಂಡಿ ನೂರಾಹತ್ತರಲ್ಲಿದೆ, ಪ್ಲಗ್ ಹಾಕ್ಬಾರ್ದು ಅಂತ!" ಎಂದು ಕಿರುಚಿದ.

ಭಾಮೈದ ಅಕ್ಕನ ಮುಖ ನೋಡಿದ. ಅವನಿಗೂ ಅದೇ ಅಭ್ಯಾಸ. ಆಕೆ ಹೇಳದ ಹೊರತು ಭಾವನ ಮಾತು ಕಿವಿಯಿಂದ ಒಳಕ್ಕೆ ಇಳಿಯುವಂತಿರಲಿಲ್ಲ. ಅಕ್ಕ ಕಲ್ಲುಗಳನ್ನು ನೋಡುತ್ತಲೇ ಇದ್ದಳು. ಅವನು ಸ್ವಿಚ್ಚು ಒತ್ತಿದ.

ಸೆಟ್ಟು ಒಮ್ಮೆ ಗುಂಯ್ ಎಂದಿತು. ಹಿಂಬದಿಯ ಸೀಳುಗಳಿಂದ ಹೊಗೆ ಎದ್ದಿತು.

"ಅಯ್ಯೋ ದರಿದ್ರದವನೇ! ಹಿಂದೆ ಗುಂಡಿ ನೋಡ್ಬಾರ್ದೇನೋ?"

"ನಿಮ್ಮ ಬಾಯಿಗೇನು ಬೀಗ ಹಾಕ್ಕೊಂಡಿದ್ರಾ ಭಾವ? ನೆಟ್ಟಗೆ ನನಗೇ ಹೇಳೋಕೇನಾಗಿತ್ತು?"

"ನಿಮ್ಮಕ್ಕನಿಗೆ ಹೇಳ್ದೆನಲ್ಲೋ!"

"ನನ್ನನ್ನ ಎಳೀಬೇಡಿ," ಎಂದಳು ಆಕೆ. "ನಾನು ನಿನ್ನೆಯೇ ರಾಜೀನಾಮೆ ಕೊಟ್ಟಿದೀನಿ."

ಭಾಮೈದ ಪ್ಲಗ್ ಕಿತ್ತು, ಸಿಟ್ಟಿನಲ್ಲಿ ಸುತ್ತಿಗೆ ಎತ್ತಿಕೊಂಡ. ಹೊಗೆ ಬಂದ ಮೇಲೆ ಅದು ಬರೀ ಗುಜರಿ, ಒಡೆಯುವುದೇ ಸರಿ ಎಂದ. ಕಿಡಿಯಣ್ಣ ಸೆಟ್ಟಿನ ಮೇಲೆ ಬಿದ್ದು ಎರಡೂ ಕೈಗಳಿಂದ ಅದನ್ನು ತಬ್ಬಿಕೊಂಡ. ಅಂಗಿಗೆ ಮಸಿ ಮೆತ್ತಿತು.

"ಏಳಿ ಭಾವ."

"ಏಳಲ್ಲ."

"ಹಾಗಾದ್ರೆ ತಪ್ಪಾಯ್ತು ಅನ್ನಿ. ಸುಟ್ಟಿದ್ದೋ ಬಿಟ್ಟಿದ್ದೋ, ಹೊತ್ಕೊಂಡು ಹೋಗಿ."

ಅಂಗಡಿಯ ಆಳುಗಳು, ಪೇಪರು ತೂಗಿಸಲು ಬಂದವರು ಎಲ್ಲರೂ ಸುತ್ತ ನಿಂತಿದ್ದರು. ಹಾಡುವ ಸೆಟ್ಟಿಗಾಗಿ ಹೇಳಲಾರದ ಮಾತನ್ನು ಸುಟ್ಟ ಸೆಟ್ಟಿಗಾಗಿ ಹೇಳಬೇಕಾಗಿ ಬಂತು. ಕಿಡಿಯಣ್ಣ ತಲೆ ಎತ್ತಿದ.

"ತಪ್ಪಾಯ್ತು. ನಿನ್ನ ಅಂಗಡೀನ ಕಸಾಯಿಖಾನೆ ಅಂದದ್ದು ನನ್ನ ತಪ್ಪು. ಕಸಾಯಿಯವನಿಗೆ ಅವನ ಕೆಲಸ ಗೊತ್ತಿರುತ್ತೆ."

ಆಳೊಬ್ಬ ಕಿಸಕ್ಕೆಂದ. ಭಾಮೈದನ ಮುಖ ಕೆಂಪಾಯಿತು. ಆದರೆ ತಪ್ಪಾಯಿತು ಎಂಬ ಮಾತನ್ನು ಎಲ್ಲರೂ ಕೇಳಿಸಿಕೊಂಡಿದ್ದರು, ಮಾತಿಗೆ ತಪ್ಪುವಂತಿರಲಿಲ್ಲ. "ಎತ್ಕೊಂಡು ಹೋಗಿ! ನಿಮ್ಮ ಮುಖಾನೂ ಬೇಡ, ಆ ಡಬ್ಬೀನೂ ಬೇಡ!" ಎಂದು ಸುತ್ತಿಗೆಯನ್ನು ಮೂಲೆಗೆ ಬಿಸಾಡಿದ.

ಸುಟ್ಟ ಟ್ರಾನ್ಸ್‌ಫಾರ್ಮರಿನ ತಂತಿಯನ್ನು ಕಿಡಿಯಣ್ಣ ಮನೆಯಲ್ಲಿ ಎಳೆಎಳೆಯಾಗಿ ಬಿಚ್ಚಿ, ಹೊಸ ತಂತಿ ಸುತ್ತಿದ. ಊದಿಕೊಂಡ ಬಿಡಿಭಾಗಗಳನ್ನು ಕಿತ್ತು ಬೇರೆ ಹಾಕಿದ. ಆ ದಿನಗಳಲ್ಲಿ ನನ್ನನ್ನೂ ಕೋಣೆಗೆ ಬಿಡಲಿಲ್ಲ. ಕೊನೆಗೊಂದು ಸಂಜೆ ನನ್ನನ್ನು ಒಳಗೆ ಕರೆದ, ಸೆಟ್ಟು ಬಾಯಿಬಿಟ್ಟಿತು. ಊಟಕ್ಕೆಂದು ಬರುತ್ತಿದ್ದ ಭಾಮೈದ ಬೀದಿಯಲ್ಲಿಯೇ ನಿಂತು ಕಿವಿಗೊಟ್ಟ.

"ಭಾವ, ಎಡಗಡೆ ಸ್ಪೀಕರು ಮೂಕ!"

"ನಿನ್ನ ಕಿವಿ ತೊಳಕೊಂಡು ಬಾ!" ಎಂದು ಕಿಡಿಯಣ್ಣ ಕಿಟಕಿಯನ್ನು ದಡಾರೆಂದು ಮುಚ್ಚಿದ.

ಒಳಗೆ ನಾನಿದ್ದೆ. ಕಿಟಕಿ ಮುಚ್ಚಿದ ಮೇಲೆ ಅವನು ಎಡಗಡೆಯ ಸ್ಪೀಕರಿಗೆ ಕಿವಿ ಹಚ್ಚಿದ. ಆಮೇಲೆ ಸ್ಕ್ರೂಡ್ರೈವರ್ ತೆಗೆದುಕೊಂಡ. ಅಡುಗೆಮನೆಯಲ್ಲಿ ಅವನ ಹೆಂಡತಿ ತಮ್ಮನಿಗೆ ಬಡಿಸುತ್ತಾ, "ಜಗಳ ಮೊದಲಿಗಿಂತ ಜಾಸ್ತಿಯಾಗಿದೆ ಕಣೋ," ಎನ್ನುತ್ತಿದ್ದಳು. "ನನಗೆ ಮಾತ್ರ ಹಾಯಾಗಿದೆ."

ಮರುದಿನ ನಾನು ಹೋದಾಗ ಕಿಟಕಿ ಪೂರ್ತಿ ತೆರೆದಿತ್ತು. ನಾಲ್ಕು ಸ್ಪೀಕರುಗಳೂ ಹಾಡುತ್ತಿದ್ದವು. ಕಿಡಿಯಣ್ಣ ಸೆಟ್ಟನ್ನು ಕಿಟಕಿಯ ಹಲಗೆಯ ಮೇಲೆ, ಗುಜರಿ ಅಂಗಡಿಯ ದಿಕ್ಕಿಗೆ ಮುಖ ಮಾಡಿ ಇಟ್ಟು, ಸದ್ದಿನ ಗುಂಡಿಯನ್ನು ತುದಿಯವರೆಗೂ ತಿರುಗಿಸುತ್ತಿದ್ದ.