ಆಟ ನೋಡದ ಅನ್ನಪೂರ್ಣ ಟೀಚರ್

ಖೊಖೊ ಕೋಚ್‌ಗಳಿಗೆ ಪಾಠ ಹೇಳುವ ಅನ್ನಪೂರ್ಣ ಟೀಚರ್ ಕಂಪ್ಲಿ ಬಸ್ಸಿನಿಂದ ಇಳಿದರೆ ಸಾಕು, ಮೈದಾನದಲ್ಲಿ ಅರಚುತ್ತಿದ್ದ ಕೋಚ್‌ಗಳೆಲ್ಲ ಸಾಧುಗಳಾಗಿಬಿಡುತ್ತಾರೆ. ಪಂದ್ಯ ಎಷ್ಟೇ ರಂಗೇರಲಿ, ಟೀಚರ್ ಆಟ ನೋಡುವುದಿಲ್ಲ. ಕೋಚ್‌ನ ಮುಖ ನೋಡುತ್ತಾರೆ. ‘ಸೋತಾಗ ನೀ ಹೆಂಗ ನಿಂದರ್ತೀಯೋ, ನಿನ್ನ ಹುಡುಗೀರೂ ಹಂಗ ನಿಂದರ್ತಾರ’ ಎನ್ನುತ್ತಾರೆ. ಅವರ ಬಾಯಿಂದ ಹೊಗಳಿಕೆ ಉದುರಿದ್ದನ್ನು ಹೊಸಪೇಟೆಯಿಂದ ಸಂಡೂರಿನವರೆಗೆ ಯಾರೂ ಕೇಳಿಲ್ಲ. ಮೊನ್ನೆ ತಾಲ್ಲೂಕಿನ ಫೈನಲ್‌ನಲ್ಲಿ ಅಂಪೈರ್ ಕಣ್ಣಿಗೆ ಬೀಳದ ಔಟನ್ನು ಮೆಟ್ರಿ ಊರಿನ ತಂಡದ ಕೋಚ್ ಹನುಮೇಶ್ ತಾನಾಗಿಯೇ ಹೋಗಿ ಹೇಳಿದ: ‘ನಮ್ಮ ಹುಡುಗಿ ಔಟ್ ಆಗ್ಯಾಳ್ರಿ.’ ಕಪ್ ಕೈತಪ್ಪಿತು. ಊರವರು ಬೈಯತೊಡಗಿದರು. ಅವನು ತಲೆತಗ್ಗಿಸದೆ, ಅಳುತ್ತಿದ್ದ ಹುಡುಗಿಯರನ್ನು ಕರೆದುಕೊಂಡು ಹೋಗಿ ಗೆದ್ದವರ ಕೈ ಕುಲುಕಿಸಿದ. ಟೀಚರ್ ಕುರ್ಚಿ ಬಿಟ್ಟು ಎದ್ದರು. ಅಷ್ಟು ದಿನ ‘ಲೇ ಹನುಮ್ಯಾ’ ಎಂದೇ ಕರೆಯುತ್ತಿದ್ದವನಿಗೆ, ಎಲ್ಲರೆದುರು, ‘ಕುಂದ್ರಿ ಸರ’ ಎಂದರು.