ಚೌಕಳಿ ಲಂಗ ಬಂದ ವರ್ಷ

ಆ ಬೇಸಿಗೆಯಲ್ಲಿ ನಮ್ಮ ಪೊಲೀಸ್ ಬ್ಯಾಂಡಿಗೆ ಹೊಸ ಉಡುಪು ಬಂತು. ಮೀಸಲು ಪಡೆಯ ಮೈದಾನದಲ್ಲಿ, ಬೇವಿನ ಮರದ ಕೆಳಗೆ ಪೆಟ್ಟಿಗೆ ಒಡೆದರೆ ಕೆಂಪು ಹಸಿರು ಚೌಕಳಿಯ ಬಟ್ಟೆ. ಯಾರೋ ಒಂದನ್ನು ಎತ್ತಿ ಹಿಡಿದರು. ಮೊಣಕಾಲಿನವರೆಗೆ ಬರುವ, ನೆರಿಗೆ ನೆರಿಗೆಯ ಲಂಗ. ನಾವೆಲ್ಲ ಬಾಯಿ ತೆರೆದುಕೊಂಡು ನಿಂತೆವು. ಬ್ಯಾಗ್‌ಪೈಪ್ ಬ್ಯಾಂಡಿನವರ ಅಸಲು ಉಡುಪು ಇದೇ ಎಂದು ಬ್ಯಾಂಡ್ ಮಾಸ್ಟರ್ ಹೇಳಿದರು. ಪರದೇಶದಲ್ಲಿ ಮೀಸೆ ಹೊತ್ತ ಗಂಡಸರು ಇದನ್ನೇ ಉಟ್ಟುಕೊಂಡು ಯುದ್ಧಕ್ಕೆ ಹೋಗುತ್ತಿದ್ದರಂತೆ.

"ಅವ್ರು ಯುದ್ಧಕ್ಕ ಹೋಗ್ಲಿ ಬಿಡ್ರಿ ಸರ. ಹಗರಿಬೊಮ್ಮನಳ್ಳಿ ಸಂತ್ಯಾಗ ಹಾಯ್ದು ಹೋಗೋರು ನಾವು" ಎಂದ ನನ್ನ ಪಕ್ಕದಲ್ಲಿದ್ದ ಗೆಳೆಯ. ಎಲ್ಲರೂ ನಕ್ಕರು. ಅವನು ಮಾತ್ರ ನಗಲಿಲ್ಲ.

ಅವನು ಡ್ರಮ್ ಬಾರಿಸುವವನು, ನಾನು ಪೈಪ್ ಊದುವವನು. ನಾನಂತೂ ಹುಟ್ಟಿದ್ದೇ ಊದುವವರ ಮನೆಯಲ್ಲಿ. ಕೊಟ್ಟೂರಿನ ಸುತ್ತಮುತ್ತ ಯಾರ ಮನೆಯಲ್ಲಿ ಮದುವೆಯಾದರೂ ನಮ್ಮಪ್ಪನ ಶಹನಾಯಿ ಬೇಕೇ ಬೇಕು. ಅಕ್ಷತೆ ಬೀಳುವಾಗ ಎಲ್ಲರೂ ಅಪ್ಪನ ಕಡೆ ಕೈ ಬೀಸಿ ಜೋರಾಗಿ ಊದು ಎನ್ನುತ್ತಿದ್ದರು. ಊಟದ ಹೊತ್ತಿಗೆ ಮಾತ್ರ ಅಪ್ಪ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಕಡೆಯ ಪಂಕ್ತಿ ಎದ್ದ ಮೇಲೆ ಹಿತ್ತಲಲ್ಲಿ ನಮಗೆ ಎಲೆ ಹಾಕುತ್ತಿದ್ದರು. ಈ ಕಸುಬಿನ ಸಹವಾಸವೇ ಬೇಡ ಎಂದು ಪೊಲೀಸ್ ಸೇರಿದರೆ, ತರಬೇತಿಯಲ್ಲಿ ನನ್ನ ಉಸಿರು ನೋಡಿ ಮೆಚ್ಚಿ ಬ್ಯಾಂಡಿಗೇ ಹಾಕಿದರು. ಹಣೆಬರಹ ಎಂದು ಒಂದಷ್ಟು ದಿನ ಸಿಡಿಮಿಡಿಗೊಂಡೆ. ಆಮೇಲೆ ಹಿಡಿಸಿತು. ಇಲ್ಲಿ ಊದಿದರೆ ಸಂಬಳ, ಮೈಮೇಲೆ ಇಲಾಖೆಯ ಬಟ್ಟೆ, ಊಟಕ್ಕೆ ಎಲ್ಲರ ಜೊತೆ ಒಂದೇ ಬೆಂಚು.

ಗೆಳೆಯ ಹೊಸಹಳ್ಳಿ ಕಡೆಯ ಒಕ್ಕಲು ಮನೆಯವನು. ಎತ್ತು, ಹೊಲ, ಊರಲ್ಲಿ ಮರ್ಯಾದೆ, ಎಲ್ಲ ಇದ್ದ ಮನೆ. ಬೆಂಚಿನ ಮೇಲೆ ಬೆರಳಾಡಿಸುತ್ತ ಕೂತಿದ್ದವನನ್ನು ನೋಡಿ ತರಬೇತಿಯವರೇ ಅವನ ಕೈಗೆ ಡ್ರಮ್ಮಿನ ಕಡ್ಡಿ ಕೊಟ್ಟಿದ್ದರು. ಅವನು ಬಾರಿಸುವಾಗ ಮುಖ ನೋಡಬೇಕು. ಅಷ್ಟು ಸುಖವಾಗಿ ದುಡಿಯುವ ಪೊಲೀಸನನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೆ ಮನೆಯಲ್ಲಿ ಅವನು ಈ ಸುದ್ದಿಯನ್ನೇ ಎತ್ತಿರಲಿಲ್ಲ. ಅವನ ತಾಯಿಯ ಪಾಲಿಗೆ ಮಗ ಬಂದೋಬಸ್ತಿಗೆ ಹೋಗುವ ಪೊಲೀಸ್. ಒಂದು ದಿನ ವ್ಯಾನಿನಲ್ಲಿ ಯಾಕೆಂದು ಕೇಳಿದೆ.

"ನಮ್ಮ ಓಣ್ಯಾಗ ಯಾರೂ ವಾದ್ಯ ಮುಟ್ಟಂಗಿಲ್ಲಲೇ. ಮದುವಿಗೆ ಕರೆಸ್ತೀವಿ, ಬಾರಿಸಿದ ಮ್ಯಾಲೆ ಕಳಿಸ್ತೀವಿ" ಎಂದ. ಹೇಳಿದ ಮೇಲೆ ಯಾರಿಗೆ ಹೇಳಿದೆ ಎಂದು ಹೊಳೆದು ಕಿಟಕಿಯ ಕಡೆ ತಿರುಗಿದ.

"ಹಿತ್ತಲಾಗ ಎಲಿ ಹಾಕಿ ಕಳಿಸ್ತೀರಿ, ಅದನ್ನೂ ಹೇಳು" ಎಂದು ನಾನೇ ನಕ್ಕು ಮಾತು ಮುಗಿಸಿದೆ. ನಮ್ಮಿಬ್ಬರದು ಒಂದೇ ತಟ್ಟೆಯ ಸ್ನೇಹ. ಇಂಥ ಮಾತಿಗೆ ಅದು ಮುರಿಯುವಂಥದ್ದಲ್ಲ.

ಈಗ ಅವನ ಚಿಂತೆ ಹೆಚ್ಚಿತ್ತು. ನೀಲಗುಂದದ ಹುಡುಗಿಯ ಜೊತೆ ಅವನ ಮದುವೆ ಗೊತ್ತಾಗಿತ್ತು. ಹುಡುಗಿ ಅವನಿಗೆ ತುಂಬ ಹಿಡಿಸಿದ್ದಳು. ಫೋನಿನಲ್ಲಿ ಮಾತಾಡಿ ಬಂದರೆ ಆ ದಿನ ಡ್ರಮ್ಮಿನ ಗತ್ತೇ ಬೇರೆ. ಸಂಕ್ರಾಂತಿ ಕಳೆದ ಮೇಲೆ ಅಕ್ಷತೆ ಎಂದು ಮಾತಾಗಿತ್ತು. ಅಲ್ಲಿಯವರೆಗೆ ಯಾರ ಕಣ್ಣಿಗೂ ಬೀಳದೆ ಇದ್ದುಬಿಟ್ಟರೆ, ಮದುವೆಯಾದ ಮೇಲೆ ತಾನೇ ನಿಧಾನಕ್ಕೆ ಹೇಳುತ್ತೇನೆ ಎನ್ನುವುದು ಅವನ ಎಣಿಕೆ. ಹಾಗಾಗಿ ತನ್ನ ಊರಿಗೆ ಹತ್ತಿರದ ಕೂಡ್ಲಿಗಿಯಲ್ಲಿ ಕಾರ್ಯಕ್ರಮವಿದ್ದಾಗಲೆಲ್ಲ ಅವನಿಗೆ ಹೊಟ್ಟೆನೋವು. ಕೂಡ್ಲಿಗಿ ದಾಟಿದರೆ ನೋವು ಮಾಯ. ಬ್ಯಾಂಡ್ ಮಾಸ್ಟರಿಗೆ ಗೊತ್ತಿತ್ತು, ಪಾಪ, ಸುಮ್ಮನಿದ್ದರು.

ಲಂಗ ಉಟ್ಟು ನಾವು ಮೊದಲು ಹೊರಬಿದ್ದದ್ದು ಆಗಸ್ಟ್ ಹದಿನೈದಕ್ಕೆ, ಹರಪನಹಳ್ಳಿಯಲ್ಲಿ. ಲಂಗ ಒಂದೇ ಆಗಿದ್ದರೆ ಹೇಗೋ ಸಂಭಾಳಿಸಬಹುದಿತ್ತು. ಎಡ ಹೆಗಲ ಮೇಲಿಂದ ಇಳಿಬಿಡಲು ಅದೇ ಚೌಕಳಿಯ ಉದ್ದನೆ ಬಟ್ಟೆ, ಥೇಟ್ ಸೆರಗು. ತಲೆಯ ಮೇಲೆ ಗರಿಯ ತುರಾಯಿ. ಮೈದಾನದ ಅಂಚಿನಲ್ಲಿ ನಿಂತಿದ್ದ ಹೆಂಗಸೊಬ್ಬಳು, "ಇದೇನ್ರೀ ಪೊಲೀಸ್ನೋರು ಲಂಗ ಉಟ್ಕಂಡಾರೆ" ಎಂದು ಪಕ್ಕದವಳಿಗೆ ಹೇಳಿದ್ದು ಪೈಪಿನ ಸದ್ದಿನಲ್ಲೂ ನನಗೆ ಕೇಳಿಸಿತು. ಗಾಳಿ ಬೀಸಿದಾಗ ಲಂಗ ಹಿಡಿದುಕೊಳ್ಳೋಣವೆಂದರೆ ಎರಡೂ ಕೈ ಪೈಪಿನ ಮೇಲೆ. ಆ ದಿನ ಧ್ವಜಕ್ಕಿಂತ ಹೆಚ್ಚು ಕಣ್ಣು ನಮ್ಮ ಮೊಣಕಾಲ ಮೇಲಿದ್ದವು.

ಆಮೇಲೆ ಕೊಟ್ಟೂರಿನಲ್ಲಿ ಮಾದಕ ವಸ್ತು ವಿರೋಧಿ ಜಾಥಾ. ಬಸ್ ನಿಲ್ದಾಣದ ಹತ್ತಿರ ನಮ್ಮಪ್ಪ ನಿಂತಿದ್ದ. ಮೆರವಣಿಗೆ ಮುಗಿದ ಮೇಲೆ ಹತ್ತಿರ ಬಂದು ನನ್ನ ಪೈಪಿನ ಚರ್ಮದ ಚೀಲ ಒತ್ತಿ ನೋಡಿದ. "ಚೀಲದಾಗ ಗಾಳಿ ಕೂಡಿಟ್ಟು ಊದೋದು ಸೋಮಾರಿಗಳ ವಾದ್ಯ. ಲಂಗ ಚಂದ ಐತಿ" ಎಂದು ಹೇಳಿ ಚಹಾ ಕುಡಿಯಲು ಹೋದ. ಗೆಳೆಯ ಹೊಟ್ಟೆ ಹಿಡಿದುಕೊಂಡು ನಕ್ಕ. ಇಷ್ಟು ಹಗುರಾಗಿ ತನ್ನ ಮನೆಯಲ್ಲೂ ಮುಗಿದುಹೋದರೆ ಎಷ್ಟು ಚೆನ್ನ ಎಂದ.

ಹಗರಿಬೊಮ್ಮನಹಳ್ಳಿಯಲ್ಲಿ ಎಡವಟ್ಟಾಯಿತು. ರಾಜ್ಯೋತ್ಸವದ ಮೆರವಣಿಗೆ ಮಾರುಕಟ್ಟೆಯ ಮುಂದೆ ಹಾಯುವಾಗ ಡ್ರಮ್ಮಿನ ಒಂದು ಪೆಟ್ಟು ತಪ್ಪಿತು. ಗೆಳೆಯನ ಕೈ ತಪ್ಪಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ವ್ಯಾನಿನಲ್ಲಿ ಮುಖ ಬಿಳಿಚಿಕೊಂಡು ಕೂತ. ಈರುಳ್ಳಿ ಗಾಡಿಯ ಮೇಲೆ ಅವನ ಸೋದರಮಾವ ಕೂತಿದ್ದನಂತೆ. "ನೋಡ್ಯಾನೋ ಇಲ್ಲೋ ಗೊತ್ತಿಲ್ಲಲೇ. ಆದ್ರ ಬಾಯಿ ಮ್ಯಾಲೆ ಕೈ ಇಟ್ಕೊಂಡಿದ್ದ" ಎಂದ. ನೋಡಿದ್ದರೂ ಗುರುತು ಸಿಕ್ಕಿರಲಿಕ್ಕಿಲ್ಲ ಎಂದು ಸಮಾಧಾನ ಹೇಳಿದೆ. ಮನೆಯಿಂದ ಫೋನು ಬರಲಿಲ್ಲ. ಬೈಯಲು ಬರುವ ಫೋನಿಗಿಂತ ಆ ಮೌನ ಅವನನ್ನು ಹೆಚ್ಚು ಕಾಡಿತು. ಹುಡುಗಿಯೂ ಫೋನು ಎತ್ತುವುದನ್ನು ಬಿಟ್ಟಳು.

ಜನವರಿಯಲ್ಲಿ, ಗಣರಾಜ್ಯೋತ್ಸವಕ್ಕೆ, ಹಡಗಲಿಗೆ ಹೋದೆವು. ಕವಾಯತು ಮುಗಿದು ಬಟ್ಟೆ ಬದಲಿಸಲು ಕೊಟ್ಟಿದ್ದ ಶಾಲೆಯ ಕೋಣೆಗೆ ಬಂದರೆ ಬಾಗಿಲಲ್ಲಿ ಒಬ್ಬ ಹಿರಿಯ ಹೆಂಗಸು ನಿಂತಿದ್ದಳು. ಕಂಕುಳಲ್ಲಿ ಬಟ್ಟೆಯ ಗಂಟು. ಮಗನ ಹೆಸರು ಹೇಳಿ ಎಲ್ಲಿದ್ದಾನೆ ಎಂದು ಕೇಳಿದಾಗ ಗೆಳೆಯನ ತಾಯಿ ಎಂದು ಗೊತ್ತಾಯಿತು. ಗೆಳೆಯ ಡ್ರಮ್ಮುಗಳನ್ನು ವ್ಯಾನಿಗೆ ಹಾಕಿಸಲು ಹೋಗಿದ್ದ. ಕುರ್ಚಿ ಹಾಕಿ ಕೂರಿಸಿ, ನಮಗೆಂದು ಬಂದಿದ್ದ ಚಹಾದಲ್ಲಿ ಅವಳಿಗೂ ಒಂದು ಲೋಟ ಕೊಟ್ಟೆ. ಬಿಸಿಲಲ್ಲಿ ಬಂದಿದ್ದಳು, ಎರಡು ಗುಟುಕು ಕುಡಿದಳು. ಬೈಗುಳ ಶುರುವಾಗುತ್ತದೆ ಎಂದು ನಾನು ಕಾಯುತ್ತಿದ್ದರೆ ಅವಳು ಗಂಟು ಬಿಚ್ಚಿದಳು.

ಹಸಿರು ಸೀರೆ. ಹಸಿರು ಬಳೆ. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನದ ಕೊಂಬು. ಎಲ್ಲದರ ಮೇಲೆ ಕೆಂಪು ಬಿಳಿ ಮಣಿಯ ಸರ.

ಆ ಮಣಿಸರ ಏನೆಂದು ನಮ್ಮ ಕಡೆಯ ಯಾರಿಗೂ ಹೇಳಿಕೊಡಬೇಕಿಲ್ಲ. ಅಮ್ಮನಿಗೆ, ನಮ್ಮ ದೇವಿಗೆ, ಬಿಟ್ಟ ಗಂಡಸರು ಸೀರೆ ಉಟ್ಟು, ಆ ಸರ ಕಟ್ಟಿಕೊಂಡು, ವಾದ್ಯ ಹಿಡಿದು ಊರೂರು ತಿರುಗುತ್ತಾರೆ. ಅವರನ್ನು ಜೋಗಪ್ಪ ಎನ್ನುತ್ತೇವೆ. ಕೈ ಮುಗಿಯುತ್ತೇವೆ, ಹೆದರುತ್ತೇವೆ. ಈರುಳ್ಳಿ ಗಾಡಿಯ ಮೇಲೆ ಕೂತ ಸೋದರಮಾವನಿಗೆ ಜನರ ತಲೆಗಳ ನಡುವೆ ಕಂಡದ್ದು ಅಳಿಯನ ಲಂಗ, ಸೆರಗು, ಗರಿ, ಕೊರಳಲ್ಲಿ ವಾದ್ಯ. ಬೇರೆ ಏನೆಂದುಕೊಳ್ಳಬೇಕು ಅವನು? ಲಂಗ ಉಟ್ಟವರ ಮೇಳ ಹಡಗಲಿಗೆ ಬರುತ್ತದೆಂದು ಕೇಳಿ ಅವನೇ ಅಕ್ಕನನ್ನು ಕರೆತಂದಿದ್ದನಂತೆ; ಲಂಗ ಉಟ್ಟ ನಾನೂ ಅವಳ ಕಣ್ಣಿಗೆ ಅಂಥವನೇ.

"ಸಣ್ಣವನಿದ್ದಾಗ ಅವನ ತಲ್ಯಾಗ ಕೂದಲು ಗಂಟುಗಟ್ಟಿ ಜಡಿ ಬಂದಿತ್ತು ತಮ್ಮಾ" ಎಂದಳು ತಾಯಿ. "ಅಮ್ಮ ಅವಾಗ್ಲೇ ಕೇಳಿದ್ಲು. ನಾ ಕತ್ತರಿ ತಗೊಂಡು ಕತ್ತರಿಸಿಬಿಟ್ಟೆ. ಆಕಿ ಬಿಡ್ತಾಳೇನು? ಈಗ ತಾನೇ ಬಂದು ಕರಕೊಂಡಾಳ. ಅಳೋದು ಮಾಡೋದು ಎಲ್ಲ ಮನ್ಯಾಗ ಮುಗಿಸಿ ಬಂದೀನಿ. ಉಡಿ ತುಂಬಿ ಹೋಗ್ತೀನಿ. ಹೆಂಗಿದ್ರೂ ನನ್ನ ಮಗ."

ಇದು ಬ್ಯಾಂಡಿನ ಬಟ್ಟೆ ಎಂದು ಹೇಳಲು ಹೊರಟೆ. ಅಷ್ಟರಲ್ಲಿ ಅವಳು, "ನೀಲಗುಂದದೋರಿಗೂ ಹೇಳಿ ಕಳಿಸೀನಿ. ಹೆಣ್ಣು ಹುಡುಗಿ ಬಾಳು ಹಾಳು ಮಾಡಬಾರ್ದಲ್ಲ. ಅವ್ರು ಬ್ಯಾರೆ ಕಡೆ ಗೊತ್ತು ಮಾಡ್ಯಾರ" ಎಂದು ಮುಗಿಸಿದಳು.

ಗೆಳೆಯ ಬಾಗಿಲಲ್ಲಿ ನಿಂತಿದ್ದ. ಕಡೆಯ ಮಾತು ಕೇಳಿಸಿಕೊಂಡಿದ್ದ ಎಂದು ಮುಖವೇ ಹೇಳುತ್ತಿತ್ತು. ತಾಯಿ ಎದ್ದು ಹೋಗಿ ಅವನ ಕೆನ್ನೆ ಸವರಿದಳು, ಹೆಗಲ ಬಟ್ಟೆ ಸರಿ ಮಾಡಿದಳು, ಲಂಗದ ನೆರಿಗೆ ಮುಟ್ಟಿ ನೋಡಿದಳು. ಮುಖದಲ್ಲಿ ನಗುವಿತ್ತು.

"ಅವ್ವ, ಇದು ಸರಕಾರಿ ಬಟ್ಟಿ" ಎಂದ ಅವನು. "ನಾ ಜೋಗಪ್ಪ ಆಗಿಲ್ಲ. ಪೊಲೀಸ್ ಬ್ಯಾಂಡಿನ್ಯಾಗ ಅದೀನಿ. ಡ್ರಮ್ ಬಾರಿಸ್ತೀನಿ. ಸೇರಿದಾಗಿಂದ ಇದ ಕೆಲ್ಸ."

ಈಗ ಅವಳು ನಗುತ್ತಾಳೆ, ಅಥವಾ ನೆಮ್ಮದಿಯಿಂದ ಅಳುತ್ತಾಳೆ ಎಂದುಕೊಂಡೆ. ನಾನು ಎಂಥ ಪೆದ್ದ. ಅವಳ ಮುಖದಿಂದ ಇಷ್ಟು ಹೊತ್ತು ಇದ್ದ ನಗು ಇಳಿದುಹೋಯಿತು. ಮಗನ ಕೆನ್ನೆಯ ಮೇಲಿದ್ದ ಕೈಯೂ ಕೆಳಗೆ ಬಂತು.

"ಬಾರಿಸ್ತೀಯಾ? ಮಂದಿ ಮುಂದ, ಪಗಾರಕ್ಕ?"

ಅವನು ತಲೆ ಆಡಿಸಿದ. ಅವಳು ನನ್ನ ಕಡೆ ತಿರುಗಿ, ನಿಮ್ಮದು ಯಾರ ಮನೆ ಎಂದು ಕೇಳಿದಳು. ಹೇಳಿದೆ. ಸುಳ್ಳು ಹೇಳುವ ಕಾರಣ ನನಗೆ ಹೊಳೆಯಲಿಲ್ಲ. ಅವಳು ಬೆಂಚಿನ ಮೇಲಿದ್ದ ಚಹಾದ ಲೋಟ ನೋಡಿದಳು. ಅರ್ಧ ಉಳಿದಿತ್ತು. ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಸಿಟ್ಟಾಗಬ್ಯಾಡ ತಮ್ಮಾ. ನಿಮಗಾದ್ರ ಅದು ಹುಟ್ಟಿನಿಂದ ಬಂದದ್ದು. ಇವಂಗೇನು ಬಂದಿತ್ತು? ಅಮ್ಮ ಕರಕೊಂಡಿದ್ರ ನಾ ಒಪ್ಪಿದ್ದೆ."

ಬೈದಿದ್ದರೆ ನಾನೂ ತಿರುಗಿ ಏನಾದರೂ ಅನ್ನುತ್ತಿದ್ದೆ. ಬಾಯಿಗೇನೂ ಕಡಿಮೆಯಿಲ್ಲ ನನಗೆ. ಆದರೆ ಅವಳು ನನ್ನ ತಾಯಿಯಷ್ಟೇ ಅಕ್ಕರೆಯಿಂದ ಹೇಳಿದಳು. ಪೈಪನ್ನು ತಬ್ಬಿಕೊಂಡು ಗೋಡೆಗೆ ಒರಗಿದೆ.

ಗೆಳೆಯ ಎಡ ಹೆಗಲ ಮೇಲಿನ ಚೌಕಳಿ ಬಟ್ಟೆಯ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ತಾಯಿಯ ಮುಂದೆ ಒಡ್ಡಿದ.

"ಹಂಗಾದ್ರ ಅಮ್ಮಗ ಬಿಟ್ಟೀನಿ ಅಂತ ತಿಳ್ಕೊ. ಉಡಿ ತುಂಬಿ ಹೋಗು" ಎಂದ. ಸಿಟ್ಟಿನಲ್ಲಿ ಆಡಿದ ಮಾತು. ಅವಳು ಅಳುತ್ತಾಳೆ, ಇಲ್ಲವೇ ಕಪಾಳಕ್ಕೆ ಒಂದು ಕೊಡುತ್ತಾಳೆ ಎಂದು ಅವನೂ ಎಣಿಸಿದ್ದ, ನಾನೂ ಎಣಿಸಿದ್ದೆ. ಅವಳು ಮಗನನ್ನೂ ಗಂಟನ್ನೂ ಒಂದು ಸಲ ನೋಡಿ, ಅಕ್ಕಿ ಹಾಕಿದಳು. ಕೊಬ್ಬರಿ, ಅರಿಶಿನ, ಬಳೆ ಹಾಕಿದಳು. ಮಣಿಸರಕ್ಕೆ ಮಾತ್ರ ಕೈ ಹಚ್ಚಲಿಲ್ಲ. ಹಣೆ ಮುಟ್ಟಿ ನಮಸ್ಕಾರ ಮಾಡಿ, ಗೇಟಿನಲ್ಲಿ ನಿಂತಿದ್ದ ತನ್ನ ತಮ್ಮ, ಆ ಸೋದರಮಾವನ ಜೊತೆ ಬಸ್ಸಿಗೆ ಹೋದಳು.

ಯುಗಾದಿಗೆ ಗೆಳೆಯ ಊರಿಗೆ ಹೋದ. ಎಲ್ಲ ತಿಳಿಯಾಗಿರುತ್ತದೆ ಎಂದು ನಾನೇ ಹುರಿದುಂಬಿಸಿ ಕಳಿಸಿದ್ದೆ. ಹಬ್ಬ ಮುಗಿಯುವ ಮೊದಲೇ ವಾಪಸು ಬಂದ. ಅಭ್ಯಾಸದ ಮೈದಾನದಲ್ಲಿ, ಬೇವಿನ ಕೆಳಗೆ, ಡ್ರಮ್ಮಿನ ಹಗ್ಗ ಬಿಗಿಯುತ್ತ ಹೇಳಿದ. ಊರ ಬಾಗಿಲಲ್ಲೇ ಹೆಂಗಸರು ಕಾಲಿಗೆ ನೀರು ಹಾಕಿದರಂತೆ. ತನ್ನನ್ನು ಎತ್ತಿ ಆಡಿಸಿದ ಮುದುಕಿಯೇ ಬಂದು ಪಾದ ಮುಟ್ಟಿದಳಂತೆ. ಯಾರೋ ಹಸುಗೂಸನ್ನು ತಂದು ತೊಡೆಯ ಮೇಲೆ ಮಲಗಿಸಿ, ದೃಷ್ಟಿಯಾಗೇತಿ, ನೆದರು ತೆಗಿ ಎಂದರಂತೆ. ತಾಯಿ ಊರಿಗೆಲ್ಲ ಹೇಳಿಬಿಟ್ಟಿದ್ದಳು, ಮಗನನ್ನು ಅಮ್ಮ ಕರೆದುಕೊಂಡಳು ಎಂದು. ಇಲ್ಲ, ನಾನು ಪೊಲೀಸ್ ಬ್ಯಾಂಡಿನವನು ಎಂದು ಹೇಳಲು ಬಾಯಿ ತೆರೆದರೆ, ಅವಳು ಒಳಗೆ ಕರೆದೊಯ್ದು ಮಗನ ಎರಡೂ ಕೈ ಹಿಡಿದುಕೊಂಡು, "ಹಿಂಗ ಇರ್ಲಿ ಬಿಡಪ್ಪ" ಎಂದು ಬೇಡಿಕೊಂಡಳಂತೆ. ಇನ್ನು ಅವನಿಗೆ ಆ ಸೀಮೆಯಲ್ಲಿ ಯಾರೂ ಹೆಣ್ಣು ಕೊಡುವುದಿಲ್ಲ.

ಹೇಳುತ್ತ ಹೇಳುತ್ತ ಅವನು ನಗುತ್ತಿದ್ದ. ನಾನೂ ಕೂಸಿನ ಮಾತಿಗೆ ನಕ್ಕೆ. ಆಮೇಲೆ ಅವನು ಹಗ್ಗ ಬಿಟ್ಟು ನನ್ನ ಮುಖ ನೋಡಿದ.

"ನಮ್ಮವ್ವಗ ಮಗ ಸೀರಿ ಉಟ್ರೂ ನಡೀತೈತಿ ಕಣಲೇ" ಎಂದ. "ನಿನ್ನಂಗ ಆಗಬಾರ್ದು, ಅಷ್ಟ."

ಅವನು ನನ್ನನ್ನು ನೋಯಿಸಲೆಂದು ಹೇಳಲಿಲ್ಲ. ತನಗೆ ಗೊತ್ತಾದದ್ದನ್ನು ಹೇಳಿದ, ಅದನ್ನು ಹೇಳಲು ಅವನಿಗೆ ಇದ್ದವನು ನಾನೊಬ್ಬನೇ. ಅಷ್ಟರಲ್ಲಿ ಬ್ಯಾಂಡ್ ಮಾಸ್ಟರ್ ಸಾಲಿಗೆ ಕರೆದರು. ನಾನು ಪೈಪ್ ಎತ್ತಿಕೊಂಡು ಬಾಯಿಗಿಟ್ಟೆ. ಎಷ್ಟು ಊದಿದರೂ ಆ ಬೆಳಿಗ್ಗೆ ಚೀಲ ತುಂಬಲಿಲ್ಲ.