ಹಳೇ ಕಂಪ್ಯೂಟರಿನ ಮೂತಿ, ಸಿದ್ದೀಕಾರ ಕೈ

ಮದ್ದೂರಿನಿಂದ ಮಳವಳ್ಳಿಗೆ ಮೊದಲ ಬಸ್ಸು ಹೊರಡುವ ಮುಂಚೆಯೇ ಸಿದ್ದೀಕಾ ಅಂಗಡಿಯ ಶಟರ್ ಅರ್ಧ ಎತ್ತಿ ಒಳಗೆ ಕೂತಿದ್ದಾರೆ. ಕಬ್ಬಿನ ಲಾರಿಗಳು ಓಡಾಡತೊಡಗಿದರೆ ಮೇಜು ನಡುಗುತ್ತದೆ, ಬಿಸಿಲೇರಿದರೆ ಅಂಟು ಕೂಡುವ ಮೊದಲೇ ಆರಿಬಿಡುತ್ತದೆ. ಹಾಗಾಗಿ ನಾಜೂಕಿನ ಕೆಲಸವೆಲ್ಲ ಈ ಹೊತ್ತಿನಲ್ಲೇ. ಎದುರಿಗೆ ಹಳೇ ಬಟ್ಟೆಯ ಮೇಲೆ ಮಲಗಿರುವುದು ಒಂದು ಕಂಪ್ಯೂಟರಿನ ಮೂತಿ, ಅಂದರೆ ಪರದೆಯ ಸುತ್ತಲಿನ ಪ್ಲಾಸ್ಟಿಕ್ ಚೌಕಟ್ಟು. ಮೂವತ್ತು ವರ್ಷ ದಾಟಿದ ಮಾಲು, ಮುದುಕರ ಹಲ್ಲಿನಂತೆ ಹಳದಿಗಟ್ಟಿದೆ. ಒಳಗೆ ಸ್ಕ್ರೂ ಕೂರುವ ಗೂಟ ಬುಡದಲ್ಲೇ ಮುರಿದಿತ್ತು, ಈಗ ಕೂಡಿಕೊಂಡಿದೆ. ಆದರೆ ಸಿದ್ದೀಕಾ ಅದನ್ನು ನೋಡುತ್ತಿಲ್ಲ. ಅವರ ಕಣ್ಣೆಲ್ಲ ಚೌಕಟ್ಟಿನ ಬಲ ಮೂಲೆಯ ಮೇಲಿದೆ. ಅಲ್ಲೊಂದು ತೆಳುಗೆಂಪು ಕಲೆ ಹರಡಿಕೊಂಡಿದೆ.

"ಇವತ್ತು ಬತ್ತಾರೆ ಇದ್ರ ಯಜಮಾನ್ರು. ಯಾವ ಮಕ ಇಟ್ಕಂಡು ಮಾತಾಡ್ಲಿ?" ಎನ್ನುತ್ತಾರೆ.

ಊರಿನವರ ಬಾಯಲ್ಲಿ ಸಿದ್ದೀಕಾ 'ಪ್ಲಾಸ್ಟಿಕ್ ಡಾಕ್ಟ್ರಮ್ಮ'. ಮೊದಲು ಸೋಮನಹಳ್ಳಿಯ ಒಂದು ಸಣ್ಣ ಬಕೆಟ್ ಕಾರ್ಖಾನೆಯಲ್ಲಿದ್ದರು. ಅದು ಬಾಗಿಲು ಮುಚ್ಚಿದಾಗ, ಗಂಡ ನಜೀರ್ ಅಹ್ಮದರ ಸ್ಕೂಟರ್ ಗ್ಯಾರೇಜಿನ ಪಕ್ಕದಲ್ಲೇ ಒಂದು ಮೇಜು ಹಾಕಿಕೊಂಡರು. ದಿನಕ್ಕೆ ಹತ್ತು ಹನ್ನೆರಡು ಗಿರಾಕಿಗಳು. ಒಡೆದ ಕುರ್ಚಿ, ಬಿರುಕುಬಿಟ್ಟ ಬಿಂದಿಗೆ, ಬಿದ್ದ ಸ್ಕೂಟರಿನ ಮೈಕವಚ. ಕಾವಿಗೆ ಬೆರಳ ತುದಿಗಳು ಗಟ್ಟಿಯಾಗಿವೆ, ವಾಸನೆಗೆ ತಲೆನೋವು ಮನೆಯ ನೆಂಟನಾಗಿದೆ. "ಚೂರು ಸುಟ್ಟು ನೋಡ್ತೀನಿ. ಮೇಣದ ವಾಸ್ನೆ ಬಂದ್ರೆ ಬಕೆಟ್ ಜಾತಿ, ಕರೀ ಹೊಗೆ ಬಂದ್ರೆ ಟಿವಿ ಜಾತಿ. ಜಾತಿ ನೋಡೋದು ಪ್ಲಾಸ್ಟಿಕ್‌ಗೆ ಮಾತ್ರ ಕಣಪ್ಪ," ಎಂದು ಬೇರೆ ದಿನವಾಗಿದ್ದರೆ ನಗುತ್ತಿದ್ದರು.

ಈ ಕಂಪ್ಯೂಟರ್ ಹಲಗೂರಿನ ಶಶಿಧರ್ ಅವರದು. ಬ್ಲಫ್ ಎಂಬಲ್ಲಿನ ವಿದ್ಯುತ್ ಕೇಂದ್ರದಲ್ಲಿ ದುಡಿದು ನಿವೃತ್ತರಾದವರು. ಕ್ವಾರ್ಟರ್ಸ್ ಮನೆಯ ವರಾಂಡದಲ್ಲಿ ಅವರ ಹೆಂಡತಿ ಇಂದಿರಮ್ಮ ಇದೇ ಯಂತ್ರದ ಮುಂದೆ ಸುತ್ತಲಿನ ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತಿದ್ದರಂತೆ. ಹೋದ ವರ್ಷ ಆಕೆ ತೀರಿಕೊಂಡರು. ಕ್ವಾರ್ಟರ್ಸ್ ಬಿಟ್ಟು ಹಲಗೂರಿಗೆ ಸಾಮಾನು ಸಾಗಿಸುವಾಗ ಲಗೇಜ್ ಆಟೋದಲ್ಲಿ ಯಂತ್ರ ಉರುಳಿ ಮೂತಿ ಒಡೆಯಿತು. ಅದರ ಬಿಡಿಭಾಗ ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಸಿದ್ದೀಕಾ ಅಂಥದೇ ಪ್ಲಾಸ್ಟಿಕ್ಕಿನ ಪುಡಿಯನ್ನು ದ್ರಾವಣದಲ್ಲಿ ಕರಗಿಸಿ ಗಂಜಿ ಮಾಡಿದರು, ಬಿರುಕಿಗೆ ತುಂಬಿದರು, ಗೂಟಕ್ಕೆ ಹಳೇ ಪೆನ್ನಿನ ಕೊಳವೆಯ ಬಳೆ ತೊಡಿಸಿದರು. ಎಡವಿದ್ದು ಅದಕ್ಕೂ ಮೊದಲೇ. ಗ್ಯಾರೇಜಿನವರಿಗೊಂದು ಅಭ್ಯಾಸ: ಏನೇ ಬರಲಿ, ಮೊದಲು ಬಣ್ಣ ಕರಗಿಸುವ ಥಿನ್ನರ್ ಅದ್ದಿದ ಬಟ್ಟೆಯಲ್ಲಿ ಒರೆಸಿಬಿಡುವುದು. ಬಕೆಟ್ ಜಾತಿಯ ಪ್ಲಾಸ್ಟಿಕ್ಕಿಗೆ ಅದರಿಂದ ಏನೂ ಆಗದು. ಈ ಮೂತಿಯಂಥ ಟಿವಿ ಜಾತಿಯದರ ಮೈ ಕರಗುತ್ತದೆ. ಗೊತ್ತಿದ್ದೂ ಕೈ ಓಡಿತು. ಮೂಲೆಯಲ್ಲಿದ್ದ ಕೆಂಪು ಕೊಳೆ ಕರಗಿದ ಮೈಯೊಳಗೆ ಹರಡಿಕೊಂಡಿತು.

ಆ ಸಂಜೆ ಶಶಿಧರ್ ಫೋನ್ ಮಾಡಿದರು: "ಮೂಲೆಲಿರೋ ಕುಂಕುಮ ಹಾಗೇ ಇರ್ಲಿ ಕಣಮ್ಮ. ಪ್ರತಿ ಆಯುಧಪೂಜೇಲಿ ನಮ್ಮ ಮನೆಯವಳು ಇಡ್ತಿದ್ದಳು. ಒರ್ಸೋಕೆ ಬಿಡ್ತಿರಲಿಲ್ಲ."

ಸಿದ್ದೀಕಾರ ಬಾಯಿಗೆ ಬಂದದ್ದು "ಹ್ಞೂಂ ಸಾರ್, ಇದೆ" ಎಂಬ ಸುಳ್ಳು.

ನಜೀರರದು ಸುಲಭದ ದಾರಿ. "ಬಣ್ಣ ಒಡ್ದು ಕೊಟ್ಬುಡು. ಕುಂಕುಮ ಆಟೋದಲ್ಲೇ ಓಯ್ತು ಅನ್ನು."

"ಸತ್ತೋದವ್ರು ಇಟ್ಟಿದ್ದು ಕಣ್ರೀ," ಎಂದು ಹೆಂಡತಿ ಸಿಡುಕುತ್ತಾರೆ. ಆಮೇಲೆ ದನಿ ತಗ್ಗಿಸಿ, "ನಾನೇ ಬೇಕಂತ ಕುಂಕುಮ ಒರ್ಸ್ದೆ ಅಂದ್ಕಂಬುಟ್ರೆ?" ಎನ್ನುತ್ತಾರೆ. ನಿಜವಾದ ಭಯ ಅದೇ.

ಬಿಸಿಲು ಮೇಜಿಗೆ ತಾಗುವ ಹೊತ್ತಿಗೆ ಶಶಿಧರ್ ಬಸ್ಸಿಳಿದು ಬರುತ್ತಾರೆ. ಅವರು ಚೀಲ ಕೆಳಗಿಡುವ ಮೊದಲೇ ಸಿದ್ದೀಕಾ ಹೇಳಿಬಿಡುತ್ತಾರೆ: "ಸಾರ್, ಕುಂಕುಮ ನಾನೇ ಒರ್ಸ್ಬುಟ್ಟೆ. ಕೊಳೆ ಅನ್ಕಂಡೆ. ಫೋನಲ್ಲಿ ಸುಳ್ಳೇಳ್ದೆ. ತೆಪ್ಪಾಯ್ತು."

ಪಕ್ಕದಲ್ಲಿ ನಜೀರರ ಸ್ಪ್ಯಾನರ್ ಸದ್ದು ನಿಲ್ಲುತ್ತದೆ. ಶಶಿಧರ್ ಕನ್ನಡಕ ಹಾಕಿಕೊಂಡು ಚೌಕಟ್ಟನ್ನು ಬೆಳಕಿಗೆ ಹಿಡಿಯುತ್ತಾರೆ. ಸುಮ್ಮನಿರಲಾರದೆ ಸಿದ್ದೀಕಾ, "ಉಪ್ಪುಕಾಗ್ದ ಉಜ್ಜಿ ಬಣ್ಣ ಒಡುದ್ರೆ ಕಲೆ ಕಾಣಕಿಲ್ಲ ಸಾರ್, ಒಡೀಲಾ?" ಎನ್ನುತ್ತಾರೆ.

ಶಶಿಧರ್ ಹೆಬ್ಬೆರಳಿನಿಂದ ಆ ಕೆಂಪನ್ನು ಮೆಲ್ಲಗೆ ಸವರುತ್ತಾರೆ. ಕಣ್ಣು ತುಂಬಿಕೊಂಡಿದೆ. "ಬೇಡಮ್ಮ. ಉಜ್ಜಿದರೆ ಹೋಗೇಬಿಡುತ್ತೆ. ಈಗ ಹರಡ್ಕೊಂಡಿದೆ ಅಷ್ಟೆ, ಹೋಗಿಲ್ವಲ್ಲ."

ಸಿದ್ದೀಕಾ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾರೆ. ಅಂಗಡಿಯಲ್ಲೇ ಬಿಟ್ಟುಹೋಗಿದ್ದ ಯಂತ್ರಕ್ಕೆ ಶಶಿಧರ್ ಚೌಕಟ್ಟು ಒತ್ತಿ ಹಿಡಿಯುತ್ತಾರೆ, ಇವರು ಸ್ಕ್ರೂ ತಿರುಗಿಸುತ್ತಾರೆ. ಗೂಟ ಜಗ್ಗುವುದಿಲ್ಲ. ಕರೆಂಟು ಕೊಟ್ಟಾಗ ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ ಮೂಡುತ್ತದೆ.

ಅವರು ಹೋದ ಮೇಲೆ ಚಿಕ್ಕಬೋರಮ್ಮ ಎಂಬಾಕೆ ಬಿರುಕುಬಿಟ್ಟ ಮಿಕ್ಸಿ ಮುಚ್ಚಳ ತಂದು ಚಾಚುತ್ತಾರೆ. ಥಿನ್ನರ್ ಬಟ್ಟೆಗೆ ಹೋದ ಸಿದ್ದೀಕಾರ ಕೈ ಅರ್ಧದಲ್ಲೇ ನಿಲ್ಲುತ್ತದೆ. "ಅಮ್ಮ, ಇದ್ರ ಮೇಲಿರೋದ್ನ ಒರ್ಸ್ಬೋದಾ?"

ಚಿಕ್ಕಬೋರಮ್ಮ ಬಿದ್ದು ಬಿದ್ದು ನಗುತ್ತಾರೆ. "ಅಯ್ಯೋ, ಅದು ಉಚ್ಚೆಳ್ಳು ಚಟ್ನಿ ಕಣವ್ವ!"

"ನಗ್ತೀರಿ ಬುಡಿ. ಅಂಟ್ಸೋದು ನಂಗೆ ಗೊತ್ತು. ಯಾವ್ದು ಕೊಳೆ ಅನ್ನೋದ್ನ ಮಾತ್ರ ಸಾಮಾನು ಯಾರ್ದೋ ಅವ್ರೇ ಯೋಳ್ಬೇಕು."